ಕೋರೆ ಹೊಂಡದಲ್ಲಿ ಕಡಲ ಮೀನು: 300 ಮರಿ ಹಾಕಿ 41 ಉಳಿಸಿದ ಕಥೆ

ಮುನ್ನೂರು ಮರಿ ಹಾಕಿದ್ದೆ. ಒಂದು ತಿಂಗಳು ಕಳೆದು ಬಲೆ ಎಳೆದು ಎಣಿಸಿದರೆ ನಲವತ್ತೊಂದು. ಸತ್ತು ತೇಲಿದ್ದು ಹೆಚ್ಚೆಂದರೆ ಹನ್ನೆರಡು ಇರಬಹುದು. ಉಳಿದವು ಎಲ್ಲಿ ಹೋದವು? ಕಳ್ಳ ಬಂದ ಗುರುತಿಲ್ಲ, ಹೊಂಡದ ಬದಿ ಒಡೆದಿಲ್ಲ. ಸಿಕ್ಕಿದ ನಲವತ್ತೊಂದರಲ್ಲಿ ಒಂದರ ಬಾಯಿಯಿಂದ ಇನ್ನೊಂದು ಮರಿಯ ಬಾಲ ಹೊರಗೆ ಕಾಣುತ್ತಿತ್ತು. ಆಗ ತಲೆಗೆ ಹೊಳೆಯಿತು. ನನ್ನ ಮೀನನ್ನು ನನ್ನ ಮೀನೇ ತಿಂದಿತ್ತು!

ಮೀನು ತಿನ್ನದ ಓದುಗರು ಕ್ಷಮಿಸಬೇಕು. ಆದರೆ ಕೃಷಿಕನಿಗೆ ಆದ ನಷ್ಟ ಯಾವುದರಲ್ಲಾದರೂ ನಷ್ಟವೇ, ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಸಿದ್ಧಕಟ್ಟೆಯಿಂದ ಸ್ವಲ್ಪ ಒಳಗೆ. ಬಂಟ್ವಾಳಕ್ಕೂ ಹೋಗಬಹುದು, ಮೂಡುಬಿದಿರೆಗೂ ಹೋಗಬಹುದು, ಆಚೆ ದಾಟಿದರೆ ಬೆಳ್ತಂಗಡಿ ತಾಲೂಕು. ಹೊಳೆಬದಿಯ ತೋಟದವರ ಹಾಗೆ ನಮಗೆ ವರ್ಷವಿಡೀ ನೀರಿಲ್ಲ. ಬೆಟ್ಟು ಜಾಗ. ಮಳೆ ಬಂದರೆ ಒಂದು ಬೆಳೆ ಭತ್ತ, ಆಮೇಲೆ ಹುರುಳಿ ಆದರೆ ಆಯಿತು, ಉಳಿದದ್ದು ಗೇರು. ಮುರಕಲ್ಲಿನ ಪಾದೆ ಇದ್ದ ಕಡೆ ಹಿಂದೆ ಕೆಂಪುಕಲ್ಲಿನ ಕೋರೆಯವರು ಕಲ್ಲು ತೆಗೆದು ಹೋಗಿದ್ದರು. ಅದೊಂದು ಹೊಂಡ ಉಳಿಯಿತು. 40 ಅಡಿ ಉದ್ದ, 30 ಅಡಿ ಅಗಲ. ಮಳೆಗಾಲದಲ್ಲಿ ಹತ್ತು ಅಡಿ ನೀರು, ಏಪ್ರಿಲ್‌ನಲ್ಲಿ ಐದು ಅಡಿ. ನಮ್ಮ ಮೂರು ತಾಲೂಕುಗಳಲ್ಲಿ ಇಂಥ ಹೊಂಡ ಇಲ್ಲದ ಊರು ಉಂಟಾ? ದನ ಬೀಳುತ್ತದೆ, ಮಕ್ಕಳು ಹೋದರೆ ಹೆದರಿಕೆ. ಅದರಿಂದ ನಾಲ್ಕು ಕಾಸು ಬರುವ ಹಾಗೆ ಮಾಡಬೇಕೆಂದು ನನಗೆ ಬಹಳ ದಿನದ ಆಸೆ.

ಮೊದಲು ಕಾಟ್ಲಾ, ರೋಹು ಹಾಕಿದೆ. ಚೆನ್ನಾಗಿಯೇ ಬೆಳೆಯಿತು. ಮಾರುವುದಕ್ಕೆ ಹೋದರೆ ಮಾತ್ರ ಕಷ್ಟ. ಬೂತಾಯಿ, ಬಂಗುಡೆ, ಅಂಜಲ್ ತಿಂದು ಬೆಳೆದ ನಾಲಿಗೆ ನಮ್ಮದು. 'ಮುಳ್ಳು ಜಾಸ್ತಿ, ಮಣ್ಣಿನ ವಾಸನೆ' ಅಂತ ಹೇಳಿ ಅರ್ಧ ಕ್ರಯಕ್ಕೆ ಕೇಳುತ್ತಾರೆ. ಆಗ ಒಬ್ಬರು ಹೇಳಿದರು, ಸೀಬಾಸ್ ಹಾಕಿ, ಅದು ಕಡಲ ಮೀನು, ಆದರೂ ಸಿಹಿನೀರಿನಲ್ಲಿ ಬೆಳೆಯುತ್ತದೆ ಎಂದು. ಗೋವಾದವರು ಇದಕ್ಕೆ ಚೋಣಕ್ ಎನ್ನುತ್ತಾರೆ, ಮಲೆಯಾಳದಲ್ಲಿ ಕಾಳಾಂಜಿ, ತಮಿಳಿನಲ್ಲಿ ಕೊಡುವಾ. ಮುಳ್ಳು ಕಡಿಮೆ, ಬಿಳಿ ಮಾಂಸ, ದೊಡ್ಡ ಹೋಟೆಲಿನವರಿಗೆ ಬಹಳ ಪ್ರೀತಿ.

2022ರ ಜುಲೈಯಲ್ಲಿ ಏಜೆಂಟರೊಬ್ಬರ ಮೂಲಕ ಮರಿ ತರಿಸಿದೆ. ಒಂದಕ್ಕೆ 32 ರೂಪಾಯಿ. ಮುನ್ನೂರಕ್ಕೆ 9,600, ಸಾಗಾಟಕ್ಕೆ 1,400. ಒಟ್ಟು 11,000 ರೂಪಾಯಿ. ನನ್ನ ಲೆಕ್ಕದಲ್ಲಿ ಅದು ಒಂದು ಕ್ವಿಂಟಾಲ್ ಗೇರುಬೀಜ. ಚೀಲ ಬಿಚ್ಚಿ ನೋಡಿದರೆ ಒಂದು ಇಂಚಿನದ್ದೂ ಉಂಟು, ಮೂರು ಇಂಚಿನದ್ದೂ ಉಂಟು. ಕಾಟ್ಲಾ ಮರಿಯಲ್ಲಿಯೂ ಹಾಗೆ ಇರುತ್ತದಲ್ಲ, ಏನಾಗುತ್ತದೆ ಎಂದು ಎಲ್ಲವನ್ನೂ ಒಟ್ಟಿಗೆ ಹೊಂಡಕ್ಕೆ ಸುರಿದೆ. ಮುಂದಿನದ್ದು ಮೊದಲೇ ಹೇಳಿದ್ದೇನೆ.

ನಷ್ಟಕ್ಕಿಂತ ಹೆಚ್ಚು ನನ್ನನ್ನು ಕೊರೆದ ಪ್ರಶ್ನೆ ಇನ್ನೊಂದು. ಕಾಟ್ಲಾ ಮರಿ ಒಂದೆರಡು ರೂಪಾಯಿಗೆ ಸಿಗುತ್ತದೆ. ಇದಕ್ಕೆ ಯಾಕೆ 32? ಯಾರೋ ಮಧ್ಯದಲ್ಲಿ ಕೂತು ನಮ್ಮನ್ನು ಸುಲಿಯುತ್ತಿದ್ದಾರೆ ಅಂತಲೇ ನನ್ನ ಎಣಿಕೆ ಇತ್ತು.

ಮುಟ್ಟುಕಾಡಿಗೆ ಹೋದದ್ದು

ನನ್ನ ಅಕ್ಕನ ಮಗ ಚೆನ್ನೈಯಲ್ಲಿ ಹೋಟೆಲ್ ಕೆಲಸದಲ್ಲಿ ಇದ್ದಾನೆ. ಫೋನಿನಲ್ಲಿ ನನ್ನ ಗೋಳು ಕೇಳಿ, 'ಮಾವ, ಈ ಮೀನಿನ ಮರಿ ಮಾಡುವ ಸರಕಾರದ ಜಾಗ ಇಲ್ಲೇ ಉಂಟಂತೆ, ನೀವೇ ಬಂದು ನೋಡಿ' ಎಂದ. ಗೇರು ಹೂ ಬಿಡುವ ಸಮಯ, ತೋಟದಲ್ಲಿ ಅಷ್ಟು ಕೆಲಸವೂ ಇರಲಿಲ್ಲ. 2023ರ ಜನವರಿಯಲ್ಲಿ ಮಂಗಳೂರಿನಿಂದ ರೈಲು ಹತ್ತಿದೆ.

ಚೆನ್ನೈಯಿಂದ ಕಡಲ ಬದಿಯ ದಾರಿಯಲ್ಲಿ ತೆಂಕು ದಿಕ್ಕಿಗೆ ಹೋದರೆ ಮುಟ್ಟುಕಾಡು. ಅಲ್ಲಿ ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆಯ ಪ್ರಯೋಗ ಕೇಂದ್ರ ಉಂಟು. 'ಸೀಬಾ' ಎಂದು ಕರೆಯುತ್ತಾರೆ. ಸಂಸ್ಥೆ ಸುರುವಾದದ್ದು 1987ರಲ್ಲಿ. ನಮ್ಮ ದೇಶದಲ್ಲಿ ಸೀಬಾಸನ್ನು ತೊಟ್ಟಿಯಲ್ಲಿ ಮರಿ ಮಾಡಿಸಿದ್ದು ಮೊದಲು ಇವರೇ, 1997ರಲ್ಲಿ. ಥಾಯ್ಲೆಂಡಿನವರು 1970ರ ದಶಕದಲ್ಲೇ ಮಾಡಿದ್ದರು. ಹಾಗಾದರೆ ನಾವು ಇಪ್ಪತ್ತೈದು ವರ್ಷ ಹಿಂದೆ. ನಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರದ್ದು, ದೇಶದಲ್ಲಿ ಅಂಥ ಕಾಲೇಜು ಅದೇ ಮೊದಲು. ಕಲಿತವರಿಗೆ ನಮ್ಮಲ್ಲಿ ಬರ ಇರಲಿಲ್ಲ. ಮೀನು ಮಾತ್ರ ಸುಲಭದಲ್ಲಿ ಒಪ್ಪಲಿಲ್ಲ, ಅಷ್ಟೆ. ಯಾಕೆ ಒಪ್ಪಲಿಲ್ಲ ಎನ್ನುವುದೇ ನಾನು ಅಲ್ಲಿ ಕಂಡದ್ದು.

ಮೊದಲ ತೊಡಕು ತಾಯಿಮೀನಿನದ್ದು. ಸೀಬಾಸ್ ಮೊದಲು ಗಂಡಾಗಿ ಬೆಳೆಯುತ್ತದೆ, ಕೆಲವು ವರ್ಷ ಗಂಡಾಗಿಯೇ ಇದ್ದು ಆಮೇಲೆ ಹೆಣ್ಣಾಗುತ್ತದೆ! ನನಗೆ ನಂಬಿಕೆ ಬರಲಿಲ್ಲ. ಅಳಿಯ ತಮಿಳಿನಲ್ಲಿ ಎರಡು ಸಲ ಕೇಳಿ ಹೇಳಿದ, ಹೌದು ಮಾವ ಎಂದು. ಹಾಗಾಗಿ ಮೊಟ್ಟೆ ಇಡುವ ಹೆಣ್ಣು ಬೇಕಾದರೆ ಒಂದು ಮೀನನ್ನು ಐದಾರು ವರ್ಷವಾದರೂ ಸಾಕಬೇಕು. ತೆಂಗು ಫಲ ಕೊಡುವುದಕ್ಕೆ ಕಾದ ಹಾಗೆ. ಅಷ್ಟು ವರ್ಷ ಅದಕ್ಕೆ ದಿನಾ ಮೀನೇ ಆಹಾರ, ದಿನಾ ಶುದ್ಧವಾದ ಉಪ್ಪುನೀರು. ಒಂದು ದಿನ ನೀರು ಕೆಟ್ಟರೆ ಆರು ವರ್ಷದ ದುಡಿಮೆ ಹೋಯಿತು.

ನಮ್ಮ ಹಳ್ಳದ ಮೀನಿನದ್ದು ಇದಕ್ಕೆ ಉಲ್ಟಾ. ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತಿ ಬಂದು ಮೊಟ್ಟೆ ಇಡುತ್ತವೆ, ತುಳುವಿನಲ್ಲಿ ಉಬೆರ್ ಎನ್ನುತ್ತೇವಲ್ಲ, ಅದು. ಸೀಬಾಸ್ ಬೆಳೆಯುವುದು ಹೊಳೆಯಲ್ಲಿ, ಮೊಟ್ಟೆ ಇಡುವುದಕ್ಕೆ ಇಳಿಯುವುದು ಉಪ್ಪುನೀರಿಗೆ. ಅಳಿವೆಯಲ್ಲಿ ಹುಟ್ಟಿದ ಮರಿ ಪುನಃ ಹೊಳೆ ಹತ್ತುತ್ತದೆ. ನೇತ್ರಾವತಿಯಲ್ಲಿ ಹತ್ತಿ ಬರುವ ಮರಿಗೆ ತುಂಬೆಯಲ್ಲಿ ಅಣೆಕಟ್ಟು ಅಡ್ಡ. ನನ್ನ ಕೋರೆ ಹೊಂಡಕ್ಕಂತೂ ಹೊಳೆಯ ಸಂಬಂಧವೇ ಇಲ್ಲ. ಹಾಗಾಗಿ ಮನುಷ್ಯ ಮಾಡಿದ ಮರಿಯೇ ಆಗಬೇಕು.

ಮೊಟ್ಟೆ ಇಡಿಸುವ ಕ್ರಮ ಹೀಗೆ. ಸಪೂರ ಕೊಳವೆ ಹಾಕಿ ಹೆಣ್ಣಿನ ಹೊಟ್ಟೆಯಿಂದ ನಾಲ್ಕು ಮೊಟ್ಟೆ ತೆಗೆದು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಬಲಿತಿದ್ದರೆ ಹಾರ್ಮೋನಿನ ಚುಚ್ಚುಮದ್ದು. ಒಂದು ಹೆಣ್ಣಿಗೆ ಎರಡು ಗಂಡು ಜೊತೆ ಬಿಡುತ್ತಾರೆ. 30ರಿಂದ 36 ಗಂಟೆಯಲ್ಲಿ ಮೊಟ್ಟೆ ಇಡುತ್ತದೆ. ಒಂದು ಸಲಕ್ಕೆ ಲಕ್ಷಗಟ್ಟಲೆ. ಚುಚ್ಚುಮದ್ದು ಹೊಸ ಸಂಗತಿ ಅಲ್ಲ. ಹೀರಾಲಾಲ್ ಚೌಧುರಿಯವರು ಒಡಿಶಾದ ಅಂಗುಲ್‌ನಲ್ಲಿ 1957ರ ಜುಲೈ 10ರಂದು ಕೆರೆಮೀನಿಗೆ ಇದೇ ಬಗೆಯಲ್ಲಿ ಮೊಟ್ಟೆ ಇಡಿಸಿದ್ದರು, ಆ ದಿನವನ್ನು ಈಗ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಕಾಟ್ಲಾ ಮರಿ ಅಗ್ಗಕ್ಕೆ ಸಿಗುವುದು ಅವರಿಂದಾಗಿ.

ಹಾಗಾದರೆ ಮೊಟ್ಟೆ ಲಕ್ಷಗಟ್ಟಲೆ ಸಿಕ್ಕಿದ ಮೇಲೆ ಸೀಬಾಸ್ ಮರಿಗೆ ಯಾಕೆ ಕ್ರಯ? ಕೇಳಿಯೇಬಿಟ್ಟೆ. ಅಲ್ಲಿಯ ಒಬ್ಬರು ನಕ್ಕು ಒಂದು ಗಾಜಿನ ಲೋಟದಲ್ಲಿ ನೀರು ತಂದು ಬೆಳಕಿಗೆ ಹಿಡಿದರು. ನನಗೆ ಏನೂ ಕಾಣಲಿಲ್ಲ. ಕನ್ನಡಕ ಒರೆಸಿಕೊಂಡು ನೋಡಿದರೆ ಗಾಜಿನ ಚೂರಿನ ಹಾಗೆ ಏನೋ ಮಿಣಿಮಿಣಿ.

ಬಾಯಿ ಇಲ್ಲದ ಮರಿ

ಮೊಟ್ಟೆ ಒಂದು ಮಿಲಿಮೀಟರಿಗಿಂತ ಕಡಿಮೆ, ರಾಗಿ ಕಾಳಿಗಿಂತ ಸಣ್ಣದು. 17-18 ಗಂಟೆಯಲ್ಲಿ ಒಡೆಯುತ್ತದೆ. ಹೊರಬಂದ ಮರಿಗೆ ಬಾಯಿ ಇನ್ನೂ ತೆರೆದಿರುವುದಿಲ್ಲ. ಹೊಟ್ಟೆಯಡಿಯ ಹಳದಿ ಗಂಟಿನಿಂದ ಎರಡು ದಿನ ಬದುಕುತ್ತದೆ. ಮೂರನೆಯ ದಿನಕ್ಕೆ ಬಾಯಿ ತೆರೆಯುತ್ತದೆ. ಆ ಹೊತ್ತಿಗೆ ಆ ಬಾಯಿಗೆ ಹಿಡಿಯುವಷ್ಟು ಸಣ್ಣ, ಜೀವ ಇರುವ, ಅಲುಗಾಡುವ ಆಹಾರ ಎದುರೇ ಇರಬೇಕು. ಇಲ್ಲದಿದ್ದರೆ ಲಕ್ಷಗಟ್ಟಲೆ ಮರಿ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ. ಹಿಟ್ಟು, ಹಿಂಡಿ ಯಾವುದೂ ನಡೆಯುವುದಿಲ್ಲ.

ಆ ಆಹಾರದ ಹೆಸರು ರೋಟಿಫರ್. ಕಣ್ಣಿಗೆ ಸರಿಯಾಗಿ ಕಾಣದ ನೀರಿನ ಹುಳ. ಅದನ್ನು ಸಾಕಬೇಕು. ಅದಕ್ಕೆ ತಿನ್ನುವುದಕ್ಕೆ ಹಸಿರು ಪಾಚಿನೀರು ಬೇಕು. ಅದನ್ನೂ ಬೆಳೆಸಬೇಕು. ಅಂದರೆ ಮೀನಿನ ಮರಿ ಸಾಕುವವನು ಮೊದಲು ಪಾಚಿ ಕೃಷಿಕ, ಆಮೇಲೆ ಹುಳ ಕೃಷಿಕ, ಕೊನೆಗೆ ಮೀನು ಕೃಷಿಕ! ಸಾಲಾಗಿ ಇಟ್ಟ ಗಾಜಿನ ಭರಣಿ, ಡ್ರಮ್ಮು, ತೊಟ್ಟಿ, ಎಲ್ಲದರಲ್ಲೂ ಹಸಿರು ನೀರು ಗುಳುಗುಳು. ನಮ್ಮ ಮನೆಯಲ್ಲಿ ಮೊಸರಿಗೆ ಹೆಪ್ಪು ಉಳಿಸುತ್ತಾರಲ್ಲ, ಹಾಗೆ ಒಂದು ಪಾತ್ರೆಯದ್ದು ಇನ್ನೊಂದಕ್ಕೆ ಹಾಕುತ್ತಾ ಹೋಗುತ್ತಾರೆ. ಹೆಪ್ಪು ಕೆಟ್ಟರೆ ನಾಳೆ ಮೊಸರಿಲ್ಲ. ಇಲ್ಲಿ ಪಾಚಿ ಕೆಟ್ಟರೆ ನಾಡಿದ್ದು ಮೀನಿಲ್ಲ. ಹಬ್ಬ, ಭಾನುವಾರ, ಹರತಾಳ ಯಾವುದೂ ಇದಕ್ಕೆ ಗೊತ್ತಿಲ್ಲ.

ಹತ್ತು ದಿನದ ಹೊತ್ತಿಗೆ ಬಾಯಿ ದೊಡ್ಡದಾಗಿ ರೋಟಿಫರ್ ಸಾಲದು. ಆಗ ಆರ್ಟೀಮಿಯಾ ಎಂಬ ಸಣ್ಣ ಸಿಗಡಿಯಂಥ ಜೀವಿ. ಇದರ ಒಣ ಮೊಟ್ಟೆ ಡಬ್ಬದಲ್ಲಿ ಬರುತ್ತದೆ. ಅಮೆರಿಕದ ಯೂಟಾದ ಒಂದು ದೊಡ್ಡ ಉಪ್ಪುಸರೋವರ ಇದಕ್ಕೆ ಹೆಸರಾದ ಜಾಗವಂತೆ. ನೋಡುವುದಕ್ಕೆ ಕಂದು ಬಣ್ಣದ ಹುಡಿ. ಉಪ್ಪುನೀರಿಗೆ ಹಾಕಿ ಗಾಳಿ ಊದಿದರೆ ಒಂದು ದಿನದಲ್ಲಿ ಜೀವ ಬಂದು ಈಜುತ್ತದೆ! ಬಿತ್ತನೆಬೀಜ ಮೊಳಕೆ ಬರಿಸಿದ ಹಾಗೆಯೇ. ಮೀನಿಗೆ ಕೊಡುವ ಮೊದಲು ಅದಕ್ಕೂ ಮೀನೆಣ್ಣೆಯಂಥ ಪೌಷ್ಟಿಕ ತಿನ್ನಿಸುತ್ತಾರೆ, ಆ ಸತ್ವ ಮರಿಗೆ ದಾಟಲಿ ಎಂದು. ಮೂರು ವಾರ ದಾಟಿದ ಮೇಲೆ ಮೆಲ್ಲಮೆಲ್ಲನೆ ಹುಡಿ ಆಹಾರದ ರೂಢಿ ಮಾಡಿಸುವುದು. ಮಗುವಿಗೆ ಗಂಜಿ ತಿನ್ನಿಸಿದಷ್ಟೇ ಕಷ್ಟ.

ಕಾಟ್ಲಾ ಮರಿಗೆ ಇದೊಂದೂ ಬೇಡ. ಸೆಗಣಿ ಗೊಬ್ಬರ ಹಾಕಿದ ಕೆರೆಯಲ್ಲಿ ಅದರ ಬಾಯಿಗೆ ತಕ್ಕ ಹುಳ ತಾನಾಗಿ ಹುಟ್ಟುತ್ತದೆ. 32 ರೂಪಾಯಿಯ ಗುಟ್ಟು ಅಲ್ಲಿ ಗೊತ್ತಾಯಿತು. ನಾನು ಕೊಟ್ಟದ್ದು ಮೀನಿಗಲ್ಲ, ಅದರ ಮೊದಲ ಎರಡು ತಿಂಗಳ ಬಾಣಂತನಕ್ಕೆ.

ಕಡಲ ಮೀನುಗಳಲ್ಲಿ ಕೋಬಿಯಾವನ್ನು 2010ರಲ್ಲಿ, ಪಾಂಪನೋವನ್ನು 2011ರಲ್ಲಿ ಮರಿ ಮಾಡಿಸಿದ್ದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು, ಮಂಡಪಂನಲ್ಲಿ. ಆ ಸಂಸ್ಥೆಯ ಶಾಖೆ ನಮ್ಮ ಕಾರವಾರದಲ್ಲಿಯೂ ಉಂಟು. ಆ ಮೀನುಗಳಿಗೆ ಉಪ್ಪುನೀರೇ ಆಗಬೇಕು. ನಮ್ಮ ಹೊಂಡದವರಿಗೆ ಆಗಿಬರುವುದಿಲ್ಲ, ಅದನ್ನು ಬಿಡೋಣ.

ಬೋಗುಣಿಯ ಮುಂದೆ ಕೂತ ಹೆಂಗಸು

ನನಗೆ ನಿಜವಾದ ಪಾಠ ಆದದ್ದು ಹೊರಡುವ ಹೊತ್ತಿಗೆ. ಒಬ್ಬ ಹೆಂಗಸು ಬಿಳಿ ಬೋಗುಣಿಯ ಮುಂದೆ ಕೂತು ಮರಿಗಳನ್ನು ಸಣ್ಣದು, ಮಧ್ಯಮ, ದೊಡ್ಡದು ಎಂದು ಬೇರೆ ಬೇರೆ ಮಾಡುತ್ತಿದ್ದರು. ದಿನಕ್ಕೆ ಎಷ್ಟು ಸಲ ಎಂದು ಕೇಳಿದೆ. ಮೂರು ನಾಲ್ಕು ದಿನಕ್ಕೊಮ್ಮೆ, ಆದರೆ ಬಿಡದೆ, ಮರಿ ನಾಲ್ಕು ಇಂಚು ಆಗುವ ತನಕ ಎಂದರು. ಈ ಮೀನು ತನ್ನ ಉದ್ದದ ಅರ್ಧಕ್ಕಿಂತಲೂ ಹೆಚ್ಚು ಉದ್ದದ ಮರಿಯನ್ನು ನುಂಗುತ್ತದೆ. ನುಂಗಿದ್ದು ಇನ್ನೂ ಬೇಗ ಬೆಳೆಯುತ್ತದೆ, ಮರುದಿನ ಇನ್ನೊಂದು. ನಾನು ಒಂದು ಇಂಚಿನದ್ದನ್ನೂ ಮೂರು ಇಂಚಿನದ್ದನ್ನೂ ಒಟ್ಟಿಗೆ ಹಾಕಿದ್ದೆನಲ್ಲ, ಅದು ಮೀನು ಸಾಕಿದ್ದಲ್ಲ. ದೊಡ್ಡದಕ್ಕೆ ಸಣ್ಣದನ್ನು ಬಡಿಸಿದ್ದು. ಒಂದಕ್ಕೆ 32 ರೂಪಾಯಿಯ ಆಹಾರ!

ಊರಿಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮದುವೆಗೆ ಮೊದಲು ಗೇರುಬೀಜದ ಕಾರ್ಖಾನೆಯಲ್ಲಿ ತಿರುಳು ವಿಂಗಡಿಸುವ ಕೆಲಸದಲ್ಲಿ ಇದ್ದವಳು. 'ಇದಕ್ಕೆ ನೀವು ಚೆನ್ನೈಗೆ ಹೋಗಬೇಕಿತ್ತಾ? 240, 320 ಒಟ್ಟಿಗೆ ಹಾಕಿದರೆ ನಮ್ಮಲ್ಲಿ ಸಂಬಳ ಕಟ್' ಎಂದಳು. ನಾನು ಮಾತಾಡಲಿಲ್ಲ.

ಎರಡನೆಯ ಸಲ

2023ರ ಜುಲೈಯಲ್ಲಿ ಇನ್ನೂರೇ ಮರಿ ತಂದೆ. ಈ ಸಲ ಎರಡು ಷರತ್ತು. ಎಲ್ಲ ಒಂದೇ ಅಳತೆಯದ್ದು ಇರಬೇಕು, ಸಿಹಿನೀರಿಗೆ ರೂಢಿಯಾಗಿರಬೇಕು. ಉಪ್ಪುನೀರಿನಿಂದ ಸಿಹಿಗೆ ದಿನದಿನಕ್ಕೆ ಸ್ವಲ್ಪಸ್ವಲ್ಪ ಇಳಿಸಬೇಕು, ಒಮ್ಮೆಲೇ ಹಾಕಿದರೆ ಕೆಡುತ್ತದೆ. ಒಂದಕ್ಕೆ 36 ರೂಪಾಯಿ ಆಯಿತು. ಚೀಲ ಬಿಚ್ಚುವ ಮೊದಲು ಅರ್ಧ ಗಂಟೆ ಹೊಂಡದಲ್ಲೇ ತೇಲಿಸಿ, ಆಮೇಲೆ ನಮ್ಮ ನೀರನ್ನು ಲೋಟ ಲೋಟ ಚೀಲಕ್ಕೆ ಸೇರಿಸಿ ಬಿಟ್ಟೆ.

ಬಿಟ್ಟದ್ದು ಹೊಂಡಕ್ಕಲ್ಲ. ಹೊಂಡದೊಳಗೆ ಬಿದಿರು ನೆಟ್ಟು ಸಣ್ಣ ಕಣ್ಣಿನ ಬಲೆಯಿಂದ ಮೂರು ಪೆಟ್ಟಿಗೆ ಮಾಡಿದ್ದೆ, ಸೊಳ್ಳೆಪರದೆಯನ್ನು ತಲೆಕೆಳಗೆ ಕಟ್ಟಿದ ಹಾಗೆ. ಸಣ್ಣದಕ್ಕೆ ಒಂದು, ಮಧ್ಯಮಕ್ಕೆ ಒಂದು, ದೊಡ್ಡದಕ್ಕೆ ಒಂದು. ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ ಬಿಸಿಲು ಏರುವ ಮೊದಲು ಬೋಗುಣಿ ಇಟ್ಟು ವಿಂಗಡಣೆ. ನಾನು ಒಂದನ್ನು ಹಿಡಿದು ನೋಡುವಷ್ಟರಲ್ಲಿ ಅವಳು ಐದು ಮುಗಿಸುತ್ತಾಳೆ. 'ಇದು 240, ಇದು 320, ಇದು ತುಂಡು' ಎಂದು ಹೇಳುತ್ತಾ ಹಾಕುವುದು. ಕೈ ಒದ್ದೆ ಇರಬೇಕು, ಒಣ ಕೈಯಲ್ಲಿ ಹಿಡಿದರೆ ಮೈಯ ಲೋಳೆ ಹೋಗಿ ಹುಣ್ಣಾಗುತ್ತದೆ.

ಮುರಕಲ್ಲಿನ ಹೊಂಡದ ನೀರು ಹುಳಿ. ಪರೀಕ್ಷೆಯ ಕಾಗದದಲ್ಲಿ ಪಿ.ಎಚ್. ಆರಕ್ಕಿಂತ ಕೆಳಗೆ ತೋರಿಸಿತು. ಸುಣ್ಣವನ್ನು ನೀರಿನಲ್ಲಿ ಕದಡಿ ಸ್ವಲ್ಪ ಸ್ವಲ್ಪ ಹಾಕಿದೆ, ಜೋರು ಮಳೆ ಬಂದ ಮೇಲೆ ಪುನಃ. ಇದನ್ನು ಮರಿ ತರುವ ಎರಡು ವಾರ ಮೊದಲೇ ಮಾಡಬೇಕು.

45 ದಿನ ಆದಾಗ ಇನ್ನೂರರಲ್ಲಿ 148 ಉಳಿದಿತ್ತು. ಎಲ್ಲವೂ ನಾಲ್ಕು ಇಂಚು ದಾಟಿದವು. ಆಮೇಲೆ ಬಲೆ ಬಿಚ್ಚಿ ಹೊಂಡಕ್ಕೆ ಬಿಟ್ಟೆವು. ಅಲ್ಲಿಂದ ನೀರುಕಾಗೆ ಕೆಲವನ್ನು ತಿಂದಿತು, ಒಂದು ರಾತ್ರಿ ನೀರುನಾಯಿ ಬಂದು ಹೋದದ್ದು ಬೆಳಿಗ್ಗೆ ದಡದಲ್ಲಿ ಬಿದ್ದ ತಲೆಗಳಿಂದ ಗೊತ್ತಾಯಿತು. ನಾಯಿಯನ್ನು ಅಲ್ಲೇ ಕಟ್ಟಿದ ಮೇಲೆ ಬರಲಿಲ್ಲ.

ಹಿಡಿಯುವ ಸಮಯದ್ದು ಒಂದು ಪೇಚಾಟ. ಜೂನ್ 1ರಿಂದ ಜುಲೈ 31ರ ತನಕ ಕಡಲಿನಲ್ಲಿ ಯಂತ್ರದ ದೋಣಿಗಳಿಗೆ ನಿಷೇಧ, ಮೀನಿಗೆ ಒಳ್ಳೆಯ ಕ್ರಯ. ಆದರೆ ಆಗ ಹೊಂಡ ತುಂಬಿ ಬಲೆಗೆ ಸಿಗುವುದಿಲ್ಲ. ಮೇಯಲ್ಲಿ ನೀರು ಕಡಿಮೆ, ಹಿಡಿಯುವುದು ಸುಲಭ, ಕ್ರಯ ಇಲ್ಲ. ನಾನು 2024ರ ಮೇ ಕೊನೆಗೆ ಅರ್ಧ, ಜೂನ್ ಮೊದಲ ವಾರ ಅರ್ಧ ಹಿಡಿದೆ. ಮೂಡುಬಿದಿರೆಗೆ ಒಯ್ದಾಗ ಮೀನು ಮಾರುವ ಅಕ್ಕ ಕಿವಿರು ಎತ್ತಿ ನೋಡಿ, 'ಇದು ಕಡಲಿನದ್ದಾ ಕೆರೆಯದ್ದಾ ಅಣ್ಣ?' ಎಂದು ಕೇಳಿದರು. ಹುಟ್ಟಿದ್ದು ಕಡಲ ನೀರಲ್ಲಿ, ಬೆಳೆದದ್ದು ಸಿದ್ಧಕಟ್ಟೆಯಲ್ಲಿ ಎಂದೆ. ನಕ್ಕು ತೆಗೆದುಕೊಂಡರು.

ಲೆಕ್ಕ ಮುಚ್ಚಿಡುವುದಿಲ್ಲ. ಮರಿಗೆ 7,200, ಸಾಗಾಟ 1,300, ಬಲೆ ಬೋಗುಣಿ 2,600, ಸುಣ್ಣ 400. ತೇಲುವ ಗುಳಿಗೆ ಆಹಾರ 135 ಕಿಲೋ, ಕಿಲೋಗೆ 115ರ ಹಾಗೆ 15,525. ಮಂಜುಗಡ್ಡೆ, ರಿಕ್ಷಾ 500. ಒಟ್ಟು ಖರ್ಚು 27,525. ಸಿಕ್ಕಿದ್ದು 106 ಮೀನು, 74 ಕಿಲೋ. ಎರಡು ಕಿಲೋ ಮನೆಗೆ. 72 ಕಿಲೋ ಸರಾಸರಿ 400 ರೂಪಾಯಿಯ ಹಾಗೆ 28,800. ಉಳಿದದ್ದು 1,275 ರೂಪಾಯಿ. ಹನ್ನೊಂದು ತಿಂಗಳು ನಾವಿಬ್ಬರು ದುಡಿದದ್ದಕ್ಕೆ ಸಂಬಳ ಇದರಲ್ಲಿ ಇಲ್ಲ. ಮುಂದಿನ ಸಲಕ್ಕೆ ಬಲೆ ಉಂಟು, ಅದೊಂದು ಲಾಭ ಎನ್ನಬಹುದು.

ಮೊಬೈಲಿನಲ್ಲಿ ನೋಡಿದರೆ ಈ ಮೀನಿನಿಂದ ವರ್ಷಕ್ಕೆ ಲಕ್ಷಗಟ್ಟಲೆ ಎನ್ನುವವರು ಇದ್ದಾರೆ. ನಮ್ಮ ನೆರೆಯ ಹುಡುಗನೊಬ್ಬ ಗಲ್ಫಿನಿಂದ ಬಂದವನು, ಎರಡು ಕೋರೆ ಹೊಂಡ ಗೇಣಿಗೆ ಹಿಡಿದು ಸಾಲ ಮಾಡಿ ಐದು ಸಾವಿರ ಮರಿ ಹಾಕುತ್ತೇನೆ ಎಂದು ನನ್ನಲ್ಲಿ ಕೇಳುವುದಕ್ಕೆ ಬಂದ. ಐದು ಸಾವಿರ ಮರಿಯನ್ನು ನಾಲ್ಕು ದಿನಕ್ಕೊಮ್ಮೆ ವಿಂಗಡಿಸುವವರು ಯಾರು ಎಂದು ಕೇಳಿದೆ. ಅವನ ಹತ್ತಿರ ಉತ್ತರ ಇರಲಿಲ್ಲ. ವಿಂಗಡಿಸಲು ಜನ ಇಲ್ಲದಿದ್ದರೆ ದುಡ್ಡು ಹೆಚ್ಚಾದರೂ ಚಿಂತಿಲ್ಲ, ನಾಲ್ಕು ಇಂಚು ದಾಟಿದ ಮರಿಯನ್ನೇ ತಾ ಎಂದೆ. ಇನ್ನೊಂದು ಮಾತನ್ನೂ ಹೇಳಿದೆ. ಹಳ್ಳಕ್ಕೆ, ಊರ ಮದಕಕ್ಕೆ ನೀರು ಹರಿದುಹೋಗುವ ಹೊಂಡದಲ್ಲಿ ಇದನ್ನು ಹಾಕಬೇಡ. ಅಲ್ಲಿಯ ಮುಗುಡು, ಸಣ್ಣಮೀನು ಎಲ್ಲವನ್ನೂ ಇದು ಮುಗಿಸುತ್ತದೆ.

ಅವನಿಗೆ ನನ್ನ ಮಾತು ಅಷ್ಟು ರುಚಿಸಿದ ಹಾಗೆ ಕಾಣಲಿಲ್ಲ. ಆದರೂ ಮುಂದಿನ ಸಲ ಮರಿ ಬಂದ ಮೇಲೆ ಭಾನುವಾರ ಬೆಳಿಗ್ಗೆ ಬಂದು ನಮ್ಮ ಜೊತೆ ಬೋಗುಣಿಯ ಮುಂದೆ ಕೂರುತ್ತೇನೆ, ಆಮೇಲೆ ಸಾಲದ ವಿಷಯ ನೋಡುವ ಎಂದಿದ್ದಾನೆ. ಹೆಂಡತಿ ಅವನಿಗೂ ಒಂದು ಬೋಗುಣಿ ತೆಗೆದಿಟ್ಟಿದ್ದಾಳೆ.